ಹಳೆಯ ಗಣಕಕ್ಕೊಂದು ಪುಟ್ಟ ತಿರುಳು

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ಮನೆಯೊಡತಿಯು ಇದ್ದುದನ್ನೇ ಸರಿದೂಗಿಸಿ ಎಲ್ಲರಿಗೂ ಬಡಿಸುವಂತೆ, ಯಂತ್ರದ ಸ್ಮರಣಕೋಶವನ್ನೂ ಸಮಯವನ್ನೂ ಕೆಲಸಗಳಿಗೆ ಹಂಚುವುದು ಇದರ ಹೊಣೆ.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತಮ್ಮ 386 ಗಣಕಕ್ಕಾಗಿ ಲಿನಕ್ಸ್ ಕರ್ನೆಲನ್ನು ರಚಿಸಿದರು. ಬೆಳೆದು ಹೆಮ್ಮರವಾದ ಲಿನಕ್ಸ್, 2012ರ ಡಿಸೆಂಬರಿನಲ್ಲಿ ಆ 386ರ ಕೈಯನ್ನೇ ಬಿಟ್ಟಿತು. ಹಳೆಯದಕ್ಕಾಗಿ ಉಳಿಸಿಕೊಂಡ ವಿಶೇಷ ಏರ್ಪಾಡುಗಳು ಹೊಸ ಬೆಳವಣಿಗೆಗೆ ತೊಡಕಾಗಿದ್ದವು.

‘ಎಲ್ಕ್ಸ್’ ಎಂಬ ಪ್ರಯೋಗದ ಹಾದಿ ಬೇರೆ. 1995ರಲ್ಲಿ ಮೊದಲಾದ ಇದು, 1978ರ ಇಂಟೆಲ್ 8086ರಂಥ ಸಂಸ್ಕಾರಕಗಳಿಗಾಗಿಯೇ ರೂಪುಗೊಂಡ ಲಿನಕ್ಸ್ ಮಾದರಿಯ ಪುಟ್ಟ ಕರ್ನೆಲ್. 8086ಕ್ಕೆ ಎಟುಕುವ ಸ್ಮರಣಕೋಶ ಒಂದೇ ಮೆಗಾಬೈಟ್. ಅದನ್ನೂ 64 ಕಿಲೋಬೈಟಿನ ತುಂಡುಗಳಾಗಿಯೇ ಬಳಸಬೇಕು. ಒಂದು ಪ್ರೋಗ್ರಾಂ ಇನ್ನೊಂದರ ಎಲ್ಲೆ ಮೀರದಂತೆ ತಡೆಯುವ ಬೇಲಿ ಅದರಲ್ಲಿಲ್ಲ. ಒಂದರ ತಪ್ಪಿನಿಂದ ಇಡೀ ಯಂತ್ರವೇ ಸ್ತಬ್ಧವಾದೀತು. ಇಷ್ಟಾದರೂ ಎಲ್ಕ್ಸ್ ಒಂದು ಫ್ಲಾಪಿಯಿಂದಲೇ ಯಂತ್ರವನ್ನು ಎಚ್ಚರಿಸಬಲ್ಲದು.

ನಡುವೆ ಕೆಲವು ವರ್ಷ ನಿಂತಿದ್ದ ಈ ಕೆಲಸವನ್ನು 2012ರಲ್ಲಿ ಸ್ವಯಂಸೇವಕರು ಪುನಃ ಕೈಗೆತ್ತಿಕೊಂಡರು. ಇದರಿಂದ ಹಣದ ಲಾಭವಿಲ್ಲ. ಆದರೆ ಇಂದಿನ ಲಿನಕ್ಸಿನ ಕೋಟ್ಯಂತರ ಸಾಲುಗಳನ್ನು ಒಬ್ಬರೇ ಓದಿ ಅರಗಿಸಿಕೊಳ್ಳಲಾಗದು. ಪುಟ್ಟ ಕರ್ನೆಲಾದರೆ ಆಸಕ್ತ ವಿದ್ಯಾರ್ಥಿಯ ಅಳವಿಗೆ ಬರುತ್ತದೆ. ಕಟ್ಟುವುದಕ್ಕೆ ಉತ್ಸಾಹ ಬೇಕು, ಕಾಪಾಡುವುದಕ್ಕೆ ತಾಳ್ಮೆ ಬೇಕು. ಕಾಪಾಡುವವರು ಇರುವವರೆಗೆ ಹಳೆಯ ಯಂತ್ರವೂ ಗುರುವಾಗಿ ನಿಲ್ಲಬಲ್ಲದು.