ಹೊಟ್ಟೆಗೊಂದು ಪೇಸ್‌ಮೇಕರ್

ಹೋದ ತಿಂಗಳು ಭಾವ ಪುಣೆಗೆ ಬಂದಿದ್ದರು. ತೂಕ 120 ಕೆಜಿ, ಜೊತೆಗೆ ಸಕ್ಕರೆ ಕಾಯಿಲೆ. ಊಟ ಮಾಡುತ್ತಲೇ ಕೇಳಿದರು: "ಹೃದಯಕ್ಕೆ ಹಾಕೋ ಹಾಗೆ ಹೊಟ್ಟೆಗೂ ಪೇಸ್‌ಮೇಕರ್ ಬಂದಿದೆಯಂತೆ, ಹಸಿವೇ ಆಗಲ್ಲವಂತೆ. ನೀನು ಕಂಪ್ಯೂಟರಿನವನು, ಸ್ವಲ್ಪ ನೋಡು."

ನೋಡಿದೆ. ವಿಷಯ ಹೊಸದೇನಲ್ಲ. ಇಟಲಿಯ ಶಸ್ತ್ರವೈದ್ಯ ವಲೇರಿಯೊ ಚಿಗಾಯ್ನಾ 1990ರ ದಶಕದಲ್ಲೇ ಜಠರದ ಗೋಡೆಗೆ ವಿದ್ಯುತ್ ತಂತಿ ಜೋಡಿಸಿ ಪ್ರಯತ್ನಿಸಿದ್ದರು. ಆಮೇಲೆ ಅಮೆರಿಕದಲ್ಲಿ 190 ಜನರ ಮೇಲೆ ಪರೀಕ್ಷೆ ನಡೆಯಿತು. ಎಲ್ಲರಿಗೂ ಯಂತ್ರ ಅಳವಡಿಸಿ, ಅರ್ಧ ಜನರಿಗೆ ಮಾತ್ರ ಆನ್ ಮಾಡಿದರು. ವರ್ಷದ ನಂತರ ಹೆಚ್ಚುವರಿ ತೂಕದಲ್ಲಿ ಆನ್ ಇದ್ದವರು ಕಳೆದುಕೊಂಡದ್ದು ಶೇ. 11.8, ಆಫ್ ಇದ್ದವರು ಶೇ. 11.7!

ಭಾವ ಕೇಳಿದ್ದು ಬಹುಶಃ ವಿ-ಬ್ಲಾಕ್ ಬಗ್ಗೆ. ಎಂಟೆರೋಮೆಡಿಕ್ಸ್ ಎಂಬ ಅಮೆರಿಕನ್ ಕಂಪನಿಯದ್ದು. ಮೆದುಳಿಗೂ ಹೊಟ್ಟೆಗೂ ನಡುವೆ ವೇಗಸ್ ಎಂಬ ನರ ಓಡುತ್ತದೆ. ಅದರ ಹೆಚ್ಚಿನ ಎಳೆಗಳು ಹೊಟ್ಟೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಜಾಸ್ತಿ. ಎದೆಯ ಪಕ್ಕ ಚರ್ಮದಡಿ ಕೂರಿಸಿದ ಪೆಟ್ಟಿಗೆ, ಸೆಕೆಂಡಿಗೆ 5,000 ಸಲ ಮಿಡಿಯುವ ವಿದ್ಯುತ್ತಿನಿಂದ ಆ ನರವನ್ನು ಐದು ನಿಮಿಷ ತಡೆಯುತ್ತದೆ, ಐದು ನಿಮಿಷ ಬಿಡುತ್ತದೆ. ಹೀಗೇ ಎಚ್ಚರವಿರುವ ಹೊತ್ತೆಲ್ಲ. ಮೊಬೈಲಿನಂತೆ ಅದಕ್ಕೂ ಚಾರ್ಜ್ ಬೇಕು, ಚರ್ಮದ ಮೇಲಿಂದಲೇ.

239 ಜನರ ಮೇಲೆ ನಡೆದ ಇದರ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ತೂಕದಲ್ಲಿ ಇಳಿದದ್ದು ಶೇ. 24.4, ಹುಸಿ ಯಂತ್ರ ಹಾಕಿಸಿಕೊಂಡವರಲ್ಲಿ ಶೇ. 15.9. ಭಾವನ ಲೆಕ್ಕಕ್ಕೆ ತರೋಣ. ಸರಿಯಾದ ತೂಕ 70 ಎಂದುಕೊಂಡರೆ ಹೆಚ್ಚುವರಿ 50 ಕೆಜಿ. ಯಂತ್ರದಿಂದ ಸುಮಾರು 12 ಕೆಜಿ ಇಳಿಯಬಹುದು, ಹುಸಿ ಯಂತ್ರದಿಂದ 8. ಅಂದರೆ ವಿದ್ಯುತ್ತಿನ ಪಾಲು ನಾಲ್ಕೇ ಕೆಜಿ. ಉಳಿದದ್ದು ಪಥ್ಯ, ಸಲಹೆ, ವರ್ಷವಿಡೀ ಯಾರೋ ತೂಕ ನೋಡುತ್ತಿದ್ದಾರೆ ಎಂಬ ಎಚ್ಚರ. ನನಗೆ ಕುತೂಹಲ ಹುಟ್ಟಿಸಿದ್ದು ಈ ಎಂಟು ಕೆಜಿಯೇ. ಅದನ್ನು ಮಾರಲು ಯಾವ ಕಂಪನಿಗೂ ಆಗದು.

ಅಂತರ ಕನಿಷ್ಠ 10 ಅಂಕ ಇರಬೇಕೆಂದು ಪರೀಕ್ಷೆ ನಡೆಸಿದವರೇ ಗುರಿ ಇಟ್ಟಿದ್ದರು, ಬಂದದ್ದು 8.5. ಎಫ್‌ಡಿಎ ಕರೆದ ತಜ್ಞರಲ್ಲಿ ಪರಿಣಾಮಕಾರಿ ಎಂದವರು ನಾಲ್ವರು, ಅಲ್ಲ ಎಂದವರು ಐವರು. ಆದರೂ ಅಪಾಯಕ್ಕಿಂತ ಲಾಭ ಹೆಚ್ಚೆಂದು ಬಹುಮತ ಬಂದು, 2015ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಜಠರ ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ ಏನಾದರೂ ಇರಲಿ ಎಂಬ ವಾದ. ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಕೆಲವೇ ವರ್ಷಗಳಲ್ಲಿ ಕಂಪನಿ ಹೆಸರು ಬದಲಿಸಿಕೊಂಡಿತು, ವಿ-ಬ್ಲಾಕ್ ಮಾರಾಟವೂ ನಿಂತಿತು. ಸಾಫ್ಟ್‌ವೇರಿಗೆ ಸಪೋರ್ಟ್ ನಿಂತರೆ ಅನ್‌ಇನ್‌ಸ್ಟಾಲ್ ಮಾಡಬಹುದು. ಇದನ್ನು ತೆಗೆಯಲು ಮತ್ತೆ ಆಪರೇಷನ್ನೇ ಆಗಬೇಕು.

ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಎಂಟು ಕೆಜಿ ಹೇಗೆ ಇಳಿಸಿದರು, ಅದನ್ನೇ ಇನ್ನೊಮ್ಮೆ ಹೇಳು" ಎಂದರು.