ಯೆಜ್ಡಿ ಎಲ್ಲಿ ಸೋರುತ್ತಿದೆ?

ನಮ್ಮ ಗುಂಪಿನಲ್ಲಿ ನಾಲ್ಕು ಜನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಹೀಗೆ ಒಬ್ಬೊಬ್ಬರದ್ದು ಒಂದೊಂದು ತಾಲ್ಲೂಕು. ನಾಲ್ಕು ಕಡೆಯೂ ಸಿಗುವ ಒಂದು ವಸ್ತು ಅಂದ್ರೆ ಮನೆ ಹಿಂದಿನ ಶೆಡ್ಡಲ್ಲೋ, ಮಾವಿನ ತೋಟದ ಮೋಟಾರ್ ಮನೆಯಲ್ಲೋ ಗೋಣಿಚೀಲ ಹೊದ್ದು ನಿಂತಿರೋ ಹಳೇ ಯೆಜ್ಡಿ. ಅಂಥದ್ದೊಂದನ್ನ ಮತ್ತೆ ಓಡಿಸಬೇಕು ಅಂತ ಹೊರಟಾಗ ನಮಗೆ ಎದುರಾದ ಮೊದಲ ಪ್ರಶ್ನೆ: ಕೆಳಗೆ ಬೀಳ್ತಿರೋ ಈ ಎಣ್ಣೆ ಎಲ್ಲಿಂದ ಬರ್ತಿದೆ?

"ಆಯಿಲ್ ಸೋರ್ತಿಲ್ಲ ಅಂದ್ರೆ ಒಳಗೆ ಆಯಿಲೇ ಇಲ್ಲ" ಅಂತ ಹಳೇ ಬೈಕಿನವರು ತಮಾಷೆ ಮಾಡ್ತಾರೆ. ಆದರೆ ಯೆಜ್ಡಿಯಲ್ಲಿ ನೆಲದ ಮೇಲೆ ಕಾಣೋ ಸೋರಿಕೆಗಿಂತ ಕಾಣದೇ ಇರೋ ಸೋರಿಕೆ ಹೆಚ್ಚು ಅಪಾಯ. ಅದು ಮುಳಬಾಗಿಲು ಹೈವೇಯಲ್ಲಿ ಲಾರಿಗಳ ಮಧ್ಯೆ ಎಂಜಿನ್ ಸೀಜ್ ಮಾಡಿ ಹಿಂದಿನ ಚಕ್ರ ಲಾಕ್ ಮಾಡಬಹುದು. ಅದಕ್ಕೇ ಈ ಲೇಖನ.

ಎಂಜಿನ್ ಒಳಗೆ ಏನಿದೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಲ್ಲಿ ಬೈಕುಗಳು ತಯಾರಾದವು. ನಾವು ಹೇಳ್ತಿರೋದು 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಬಗ್ಗೆ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿ ನೋಡಿ, ಸುಮಾರು 249 ಸಿಸಿ ಬರುತ್ತೆ.

ಇದರಲ್ಲಿ ಎಣ್ಣೆ ಎರಡು ಬೇರೆ ಬೇರೆ ಕಡೆ ಕೆಲಸ ಮಾಡುತ್ತೆ. ಒಂದು, ಪೆಟ್ರೋಲಿಗೆ ಬೆರೆಸೋ ಟೂ-ಟಿ ಆಯಿಲ್. ಲೀಟರಿಗೆ ಸಾಮಾನ್ಯವಾಗಿ 30ರಿಂದ 40 ಎಂ.ಎಲ್. ಹಾಕ್ತಾರೆ. ಅದು ಕ್ರ್ಯಾಂಕ್‌ಕೇಸ್ ಮೂಲಕ ಹೋಗಿ, ಬೇರಿಂಗುಗಳನ್ನ ನೆನೆಸಿ, ಕೊನೆಗೆ ಸುಟ್ಟುಹೋಗುತ್ತೆ. ಇನ್ನೊಂದು, ಗೇರ್‌ಬಾಕ್ಸ್ ಮತ್ತು ಕ್ಲಚ್ ಮುಳುಗಿರೋ ಆಯಿಲ್. ಇದು ಸುಡಬಾರದು, ಇದ್ದ ಕಡೆಯೇ ಇರಬೇಕು. ಈ ಎರಡರ ಮಧ್ಯೆ ಕಾವಲು ನಿಂತಿರೋದು ಕ್ರ್ಯಾಂಕ್ ಶಾಫ್ಟಿನ ಮೇಲಿರೋ ಒಂದು ಸಣ್ಣ ರಬ್ಬರ್ ಸೀಲ್. ಶಾಫ್ಟಿನ ಇನ್ನೊಂದು ತುದಿಯಲ್ಲಿ, ಡೈನಮೊ ಕಡೆಗೆ, ಇಂಥದ್ದೇ ಮತ್ತೊಂದು ಸೀಲ್ ಇದೆ.

ಕಲೆ ನೋಡಿ ಗುರುತು ಹಿಡಿಯಿರಿ

ಬೈಕ್ ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿ, ಎರಡೂ ಚಕ್ರದ ಜಾಗ ಪೆನ್ನಲ್ಲಿ ಗುರುತು ಮಾಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರೇ ನಕ್ಷೆ ಆಗಿರುತ್ತೆ.

ಮುಂದಿನ ಚಕ್ರದ ಹತ್ರ ಕಲೆ ಇದ್ರೆ ಅದು ಫೋರ್ಕ್ ಆಯಿಲ್. ಕಾರ್ಬ್ಯುರೇಟರ್ ಕೆಳಗೆ ತೆಳುವಾದ, ಪೆಟ್ರೋಲ್ ವಾಸನೆಯ ಕಲೆ ಇದ್ರೆ ಅದು ಸೋರ್ತಿರೋ ಪೆಟ್ರೋಲ್. ಪೆಟ್ರೋಲ್ ಆವಿಯಾಗಿ ಟೂ-ಟಿ ಆಯಿಲ್ ಮಾತ್ರ ಉಳಿಯೋದ್ರಿಂದ ಎಂಜಿನ್ನೇ ಸೋರ್ತಿದೆ ಅನ್ನಿಸುತ್ತೆ. ಸೈಲೆನ್ಸರ್ ಬೆಂಡ್ ಸಿಲಿಂಡರಿಗೆ ಸೇರೋ ಕಡೆ ಕಪ್ಪು, ಅಂಟಂಟು ಎಣ್ಣೆ ಇದ್ರೆ ಅದು ಸುಡದೆ ಉಳಿದ ಟೂ-ಟಿ. ಅಲ್ಲಿನ ಜಾಯಿಂಟ್ ಸಡಿಲ ಆಗಿದೆ ಅಂತ ಅರ್ಥ. ಎಂಜಿನ್ ಕೆಳಗೆ ದಪ್ಪ ಎಣ್ಣೆ ಬಿದ್ದಿದ್ರೆ ಅದು ಗೇರ್‌ಬಾಕ್ಸಿನದ್ದು. ಡ್ರೈನ್ ಬೋಲ್ಟ್, ಕ್ಲಚ್ ಕವರಿನ ಗ್ಯಾಸ್ಕೆಟ್, ಚೈನ್ ಸ್ಪ್ರಾಕೆಟ್ ಹಿಂದಿನ ಸೀಲ್, ಕಿಕ್ಕರ್ ಶಾಫ್ಟ್, ಈ ನಾಲ್ಕನ್ನೂ ಅನುಮಾನಿಸಿ. ಯೆಜ್ಡಿಯಲ್ಲಿ ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್ ಕೂಡ ಆಗಿರೋದ್ರಿಂದ ಆ ಜಾಗಕ್ಕೆ ಕೆಲಸ ಜಾಸ್ತಿ, ಸವೆತವೂ ಜಾಸ್ತಿ.

ತೊಳೆಯದೆ ಹುಡುಕಬೇಡಿ

ಎಣ್ಣೆ ಬಿದ್ದ ಜಾಗವೇ ಸೋರಿದ ಜಾಗ ಆಗಿರಬೇಕಿಲ್ಲ. ಗುರುತ್ವ ಅದನ್ನ ಕೆಳಕ್ಕೆ ಎಳೆಯುತ್ತೆ, ಓಡುವಾಗ ಗಾಳಿ ಹಿಂದಕ್ಕೆ ತಳ್ಳುತ್ತೆ, ಕ್ಯಾಪಿಲರಿ ಕ್ರಿಯೆ ಕವರುಗಳ ಸಂದಿನುದ್ದಕ್ಕೂ ಹರಡುತ್ತೆ. ಆದ್ದರಿಂದ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಇರೋ ಬಿಂದುವನ್ನ ಹುಡುಕಬೇಕು.

ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಆಮೇಲೆ ಜಾಯಿಂಟುಗಳ ಮೇಲೆ ಮುಖಕ್ಕೆ ಹಾಕೋ ಪೌಡರ್ ತೆಳ್ಳಗೆ ಉದುರಿಸಿ. ಎಂಜಿನ್ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೊದಲು ಎಲ್ಲಿ ಕಪ್ಪಾಗುತ್ತೋ ಅದೇ ಮೂಲ.

ಗ್ಯಾಸ್ಕೆಟ್ ಬದಲಿಸೋ ಮುಂಚೆ ಗೇರ್‌ಬಾಕ್ಸಿನ ಬ್ರೀದರ್ ತೂತು ನೋಡಿ. ನಮ್ಮ ಕಡೆಯ ಕೆಂಪು ಧೂಳು ಎಣ್ಣೆ ಜೊತೆ ಸೇರಿದ್ರೆ ಗಾರೆ ಹಾಗೆ ಗಟ್ಟಿಯಾಗುತ್ತೆ. ತೂತು ಮುಚ್ಚಿಹೋದರೆ ಏನಾಗುತ್ತೆ ಅಂತ ಥರ್ಮೋಡೈನಮಿಕ್ಸ್ ಹೇಳುತ್ತೆ. ಒಳಗಿನ ಗಾಳಿ 30 ಡಿಗ್ರಿಯಿಂದ 90 ಡಿಗ್ರಿಗೆ ಬಿಸಿಯಾದರೆ, ಅಂದ್ರೆ 303 ಕೆಲ್ವಿನ್‌ನಿಂದ 363 ಕೆಲ್ವಿನ್‌ಗೆ ಏರಿದರೆ, ಒತ್ತಡ ಸುಮಾರು ಶೇ. 20 ಹೆಚ್ಚುತ್ತೆ. ಅದು ಎರಡು ಮೀಟರ್ ನೀರಿನ ಒತ್ತಡಕ್ಕೆ ಸಮ. ಹಳೇ ಸೀಲ್ ಅದನ್ನ ತಡೆಯಲ್ಲ. ಒಂದು ತಂತಿ ಹಾಕಿ ತೂತು ಬಿಡಿಸಿದ್ರೆ ಕೆಲವೊಮ್ಮೆ ಸೋರಿಕೆ ಅಲ್ಲಿಗೇ ನಿಲ್ಲುತ್ತೆ. ಆಯಿಲ್ ಅಳತೆ ಮೀರಿ ತುಂಬಿಸಿದ್ರೂ ಇದೇ ಕಥೆ.

ನೆಲಕ್ಕೆ ಬೀಳದ ಸೋರಿಕೆ

ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸ್ ಒಂದು ಪಂಪ್. ಪಿಸ್ಟನ್ ಮೇಲಕ್ಕೆ ಹೋದಾಗ ಎಳೆಯುತ್ತೆ, ಕೆಳಕ್ಕೆ ಬಂದಾಗ ಒತ್ತುತ್ತೆ. 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 67 ಸಲ. ಸೀಲ್ ಹರಿದಿದ್ರೆ ಅದೇ ದಾರಿಯಲ್ಲಿ ಬೇಡದ್ದು ಒಳಗೆ ಬರುತ್ತೆ.

ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಂಜಿನ್ ಒಳಗೆ ಹೋಗಿ ಸುಡುತ್ತೆ. ನೆಲದ ಮೇಲೆ ಒಂದು ಹನಿಯೂ ಇರಲ್ಲ, ಆದರೆ ಗೇರ್‌ಬಾಕ್ಸ್ ಮಟ್ಟ ಇಳೀತಾ ಹೋಗುತ್ತೆ. ಪ್ಲಗ್ ಕಪ್ಪಗೆ ಒದ್ದೆ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಹೊಗೆ. "ಟೂ-ಸ್ಟ್ರೋಕ್ ಅಲ್ವಾ, ಹೊಗೆ ಬಂದೇ ಬರುತ್ತೆ" ಅಂತ ಸುಮ್ಮನಾಗೋದು ಇಲ್ಲೇ. ಪ್ರತಿ 100 ಕಿ.ಮೀ.ಗೆ ಒಮ್ಮೆ ಆಯಿಲ್ ಮಟ್ಟ ಬರೆದಿಟ್ಟುಕೊಳ್ಳಿ, ನಿಜ ಗೊತ್ತಾಗುತ್ತೆ.

ಡೈನಮೊ ಕಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆಯುತ್ತೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಜೊತೆಗೆ ಟೂ-ಟಿ ಆಯಿಲೂ ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯಲ್ಲ, ಪ್ಲಗ್ ಬೆಳ್ಳಗಾಗುತ್ತೆ, ಡೈನಮೊ ಕವರ್ ಒಳಗೆ ಎಣ್ಣೆ ಪಸೆ ಇರುತ್ತೆ. ಹೊಗೆ ಕಡಿಮೆ ಆಗೋದ್ರಿಂದ ಬೈಕ್ ಚೆನ್ನಾಗಿದೆ ಅನ್ನಿಸಬಹುದು. ಸೀಜ್ ಆಗೋದು ಹೀಗೇ. ಈ ಲಕ್ಷಣ ಕಂಡ ಮೇಲೆ ಊರು ಬಿಟ್ಟು ಹೊರಗೆ ಓಡಿಸಬೇಡಿ.

ಬಿಪಿ ಮೀಟರಿನಲ್ಲಿ ಪರೀಕ್ಷೆ

ಎಂಜಿನ್ ಪೂರ್ತಿ ಬಿಚ್ಚೋ ಮುಂಚೆ ಅನುಮಾನ ಖಚಿತ ಮಾಡ್ಕೊಳ್ಳಬಹುದು. ಸೈಲೆನ್ಸರ್, ಕಾರ್ಬ್ಯುರೇಟರ್ ಬಿಚ್ಚಿ. ಕಾರ್ಬ್ಯುರೇಟರ್ ಜಾಗ ಮತ್ತು ಒಂದು ಎಕ್ಸಾಸ್ಟ್ ಬಾಯಿಯನ್ನ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಗಾಳಿ ಹೋಗದ ಹಾಗೆ ಮುಚ್ಚಿ. ಇನ್ನೊಂದು ಎಕ್ಸಾಸ್ಟ್ ಬಾಯಿಗೂ ಹಾಗೇ ಮಾಡಿ, ಅದರಲ್ಲಿ ಪೈಪ್ ತೂರಿಸಿ ಹಳೇ ಬಿಪಿ ಯಂತ್ರದ ಬಲ್ಬ್ ಮತ್ತು ಮೀಟರ್ ಜೋಡಿಸಿ. ಪ್ಲಗ್ ಹಾಕಿರಲಿ, ಪಿಸ್ಟನ್ ಪೂರ್ತಿ ಕೆಳಗಿರಲಿ.

ಮುಳ್ಳು 300ಕ್ಕೆ ಬರೋವರೆಗೆ ಒತ್ತಿ. ಅದು ಸುಮಾರು 40 ಕಿಲೋಪಾಸ್ಕಲ್. ಮುಳ್ಳು ನಿಂತರೆ ಸರಿ. ಇಳಿದರೆ ಸಿಲಿಂಡರ್ ಬುಡ, ಕೇಸಿನ ಜಾಯಿಂಟ್, ಡೈನಮೊ ಕಡೆ ಎಲ್ಲಾ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ತೂತು. ಹೊರಗೆಲ್ಲೂ ಗುಳ್ಳೆ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ, ಗೇರ್‌ಬಾಕ್ಸ್ ಆಯಿಲ್ ಹಾಕೋ ಬಾಯಿ ತೆಗೆದು ಅಲ್ಲಿ ಸೋಪಿನ ಪೊರೆ ಇಡಿ. ಅದು ಉಬ್ಬಿದ್ರೆ ಕ್ಲಚ್ ಕಡೆಯ ಸೀಲೇ ಕಳ್ಳ.

ಹೊಸ ಸೀಲ್ ಹಾಕುವಾಗ

ಸೀಲಿನ ತುಟಿ ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಇರುತ್ತೆ, ಅದು ರಬ್ಬರನ್ನ ಶಾಫ್ಟಿಗೆ ಒತ್ತಿ ಹಿಡಿಯುತ್ತೆ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ರಬ್ಬರ್ ಗಟ್ಟಿಯಾಗಿರುತ್ತೆ, ಶಾಫ್ಟಿನ ಮೇಲೆ ತುಕ್ಕೋ ಗೀರೋ ಬಿದ್ದಿರುತ್ತೆ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ರೆ ಹೊಸ ಸೀಲ್ ಕೂಡ ಬಾಳಲ್ಲ, ಮೊದಲು ಶಾಫ್ಟ್ ಸರಿಮಾಡಿಸಿ. ತುಟಿಗೆ ಎಣ್ಣೆ ಸವರಿ, ಸೀಲನ್ನ ಓರೆಯಾಗದ ಹಾಗೆ ಕೂರಿಸಿ. ಕವರ್ ತೆಗೆಯುವಾಗ ಜಾಯಿಂಟಿಗೆ ಸ್ಕ್ರೂಡ್ರೈವರ್ ತುರುಕಬೇಡಿ. ಅಲ್ಯುಮಿನಿಯಂ ಮೇಲೆ ಬಿದ್ದ ಒಂದು ಗೀರೇ ಹೊಸ ಸೋರಿಕೆಗೆ ದಾರಿ. ಸ್ಕ್ರೂಗಳನ್ನ ಎದುರುಬದುರು ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಹಳೇ ಆಯಿಲ್ ಎಲ್ಲಿಗೆ?

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯೋ ನದಿ ಇಲ್ಲ. ನಮ್ಮ ನೀರು ಕೆರೆ ಮತ್ತು ಬೋರ್‌ವೆಲ್. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರನ್ನ ಕೆರೆಗಳಿಗೆ ತುಂಬಿಸ್ತಿರೋದು ಅಂತರ್ಜಲ ಏರಲಿ ಅಂತಲೇ. ಮೋರಿಗೆ ಸುರಿದ ಆಯಿಲ್ ಕೊನೆಗೆ ಸೇರೋದು ಅದೇ ಕೆರೆಗಳನ್ನ. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿಸಿ, ಹಳೇ ಆಯಿಲ್ ಸಂಗ್ರಹಿಸೋ ಸರ್ವಿಸ್ ಸೆಂಟರಿಗೆ ಕೊಡಿ.

ಇದಕ್ಕೆಲ್ಲ ಬೇಕಾದ ಸಾಮಾನು ಇಷ್ಟೇ: ನ್ಯೂಸ್‌ಪೇಪರ್, ಪೌಡರ್ ಡಬ್ಬಿ, ಸೋಪು ನೀರು, ಹಳೇ ಬಿಪಿ ಮೀಟರ್. ನಿಮ್ಮ ತಾತನ ಶೆಡ್ಡಲ್ಲೂ ಒಂದು ಯೆಜ್ಡಿ ಇದ್ರೆ ಈ ರಜೆಯಲ್ಲಿ ಗೋಣಿಚೀಲ ಎತ್ತಿ ನೋಡಿ. ಸ್ಪ್ಯಾನರ್ ಹಿಡಿಯೋ ಮುಂಚೆ ಪೇಪರ್ ಹಾಸೋದು ಮರೀಬೇಡಿ.