ಇನ್ನೂ ಸ್ವಲ್ಪ ಹತ್ತಿರ ಹೋಗಬಹುದಾ?

ಜಡೆ ಕಡೆಯವರಿಗೆ ಹಕ್ಕಿ ನೋಡೋಕೆ ಜಿಲ್ಲೆ ದಾಟಬೇಕಿಲ್ಲ. ನಮ್ಮ ಸೊರಬ ತಾಲೂಕಿನಲ್ಲೇ ಗುಡವಿ ಇದೆ. ಮಳೆಗಾಲದಲ್ಲಿ ಕೆರೆ ತುಂಬಿದರೆ ಮರಗಳು ನೀರಿನ ನಡುವೆ ನಿಲ್ಲುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಬಿಳಿ ಕೆಂಬರಲುಗಳು ಅಲ್ಲೇ ಗೂಡು ಕಟ್ಟುತ್ತವೆ. ದಡದಲ್ಲಿ ಬೇಕಾದಷ್ಟು ಮರಗಳಿದ್ದರೂ ನೀರಲ್ಲಿರೋ ಮರವೇ ಯಾಕೆ ಬೇಕು? ಬೆಕ್ಕು, ನಾಯಿ, ಮನುಷ್ಯ ಯಾರೂ ಅಲ್ಲಿಗೆ ಸುಲಭವಾಗಿ ಬರೋಕಾಗಲ್ಲ. ನೀರೇ ಅವುಗಳ ಕಾಂಪೌಂಡು.

ಈ ಒಂದು ವಿಷಯ ಅರ್ಥವಾದರೆ 'ಪರಿಸರಸ್ನೇಹಿ ದ್ವೀಪ ಪ್ರವಾಸ' ಅನ್ನೋ ಜಾಹೀರಾತನ್ನು ಬೇರೆ ಕಣ್ಣಲ್ಲಿ ನೋಡಬೇಕಾಗುತ್ತೆ. ದ್ವೀಪದಲ್ಲಿ ಜೀವಿಗಳು ಹೆಚ್ಚಾಗಿರೋದು ನಾವು ಅಲ್ಲಿಗೆ ತಲುಪೋದು ಕಷ್ಟ ಅನ್ನೋ ಕಾರಣಕ್ಕೆ. ಪ್ರವಾಸೋದ್ಯಮ ಮಾರೋದು ಮಾತ್ರ ಆ ತಲುಪುವಿಕೆಯನ್ನೇ.

ನಮ್ಮ ಭಾಗದ ಅತ್ಯುತ್ತಮ ಉದಾಹರಣೆ ಗುಡವಿಗಿಂತ ದೂರದಲ್ಲಿದೆ. ಶಿವಮೊಗ್ಗ ದಾಟಿ, ತರೀಕೆರೆ ತಾಲೂಕಿನ ಲಕ್ಕವಳ್ಳಿಗೆ ಹೋಗಬೇಕು. ಅಲ್ಲಿ ಭದ್ರಾ ಜಲಾಶಯವಿದೆ, ಹಿನ್ನೀರಿಗೆ ತಾಗಿಕೊಂಡು ಭದ್ರಾ ಹುಲಿ ಮೀಸಲು ಅರಣ್ಯವಿದೆ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿನ ತನ್ನ ರೆಸಾರ್ಟಿಗೆ ಇಟ್ಟಿರುವ ಹೆಸರೇ ಒಂದು ಹಕ್ಕಿಯದ್ದು: ರಿವರ್ ಟರ್ನ್. ಕನ್ನಡದಲ್ಲಿ ಹೊಳೆ ರೀವ. ಕರಿ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಗೈಡ್ ಜೊತೆ ಬೋಟಿನಲ್ಲಿ ಹೋಗಿ ಇವುಗಳನ್ನು ನೋಡೋದು ಅಲ್ಲಿನ ಮುಖ್ಯ ಆಕರ್ಷಣೆ.

ಈ ದ್ವೀಪಗಳು ವರ್ಷಪೂರ್ತಿ ಇರೋದಿಲ್ಲ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಡುತ್ತಾ ಹೋದಂತೆ ಮಟ್ಟ ಇಳಿದು, ಮುಳುಗಿದ್ದ ಗುಡ್ಡಗಳ ತಲೆ ಒಂದೊಂದಾಗಿ ಹೊರಬರುತ್ತೆ. ಮರ, ಪೊದೆ ಏನೂ ಇಲ್ಲದ ಆ ಬೋಳು ನೆಲಕ್ಕೆ ರೀವಗಳು ಸಾವಿರಗಳ ಲೆಕ್ಕದಲ್ಲಿ ಬಂದಿಳಿಯುತ್ತವೆ. ಗೂಡು ಅಂದ್ರೆ ಒಂದು ಸಣ್ಣ ಕುಳಿ, ಅಷ್ಟೇ. ಮೊಟ್ಟೆ ಕಲ್ಲಿನ ಬಣ್ಣದಲ್ಲೇ ಇರುತ್ತೆ.

ಇಂಜಿನಿಯರಿಂಗ್ ಓದಿ ಬಂದವನಿಗೆ ಇದು ಬಿಸಿಯ ಲೆಕ್ಕವಾಗಿಯೂ ಕಾಣುತ್ತೆ. ಬೇಸಿಗೆಯ ಬಿಸಿಲಲ್ಲಿ ಬೋಳು ಕಲ್ಲುನೆಲ ಹೆಂಚಿನಂತೆ ಕಾಯುತ್ತೆ. ಹಗಲು ಹೊತ್ತಿನಲ್ಲಿ ತಾಯಿ ಹಕ್ಕಿ ಕೂರೋದು ಮೊಟ್ಟೆಗೆ ಕಾವು ಕೊಡೋಕೆ ಮಾತ್ರವಲ್ಲ, ನೆರಳು ಕೊಡೋಕೂ ಹೌದು. ಬೋಟು ತೀರಾ ಹತ್ತಿರ ಹೋದರೆ ಹಕ್ಕಿ ಎದ್ದು ಹಾರುತ್ತೆ, ಮೊಟ್ಟೆ ಬಿಸಿಲಿಗೆ ಬೀಳುತ್ತೆ. ಮೇಲೆ ಹದ್ದು, ಕಾಗೆ ಕಾಯುತ್ತಿರುತ್ತವೆ. ಒಂದು ಬೋಟಿನಿಂದ ಆಗೋದು ಕೆಲವೇ ನಿಮಿಷದ ಗದ್ದಲ. ಇಡೀ ದಿನ ಒಂದರ ಹಿಂದೆ ಒಂದು ಬೋಟು ಬಂದರೆ? ನಾವು ತೆಗೆಯೋ 'ಸಾವಿರ ಹಕ್ಕಿ ಒಟ್ಟಿಗೆ ಹಾರಿದ' ಫೋಟೋ ಹಲವು ಸಲ ಸಾವಿರ ಹಕ್ಕಿ ಗೂಡು ಬಿಟ್ಟೆದ್ದ ಫೋಟೋ ಆಗಿರುತ್ತೆ.

ನಾನೂ ಈ ಪಾಪದಲ್ಲಿ ಪಾಲುದಾರ. ಜಾಗದ ಹೆಸರು ಬೇಡ, ಒಮ್ಮೆ ಇಂಥದ್ದೇ ಒಂದು ಬೋಟಿನಲ್ಲಿದ್ದೆ. ಲೆನ್ಸ್ ಹಿಡಿದಿದ್ದ ಒಬ್ಬರು, "ಇನ್ನೂ ಸ್ವಲ್ಪ ಹತ್ತಿರ ಹೋಗಬಹುದಾ ಅಣ್ಣಾ?" ಅಂದರು. ಬೋಟಿನವರು ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿದರು. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಬೋಟು ಮುಂದಕ್ಕೆ ಹೋಯಿತು.

ಆ ಕ್ಷಣದಲ್ಲಿ ತಪ್ಪು ಬೋಟಿನವರದ್ದು ಅನ್ನೋದು ಸುಲಭ. ಆದರೆ ಗಿರಾಕಿಯ ಖುಷಿಯ ಮೇಲೆ ಅವತ್ತಿನ ಟಿಪ್ಸು, ನಾಳೆಯ ಕೆಲಸ ನಿಂತಿರುವವರು 'ಆಗಲ್ಲ ಸರ್' ಅಂತ ಹೇಗೆ ಹೇಳುತ್ತಾರೆ? ಖಾಯಂ ಸಂಬಳ, ಬರಹದಲ್ಲಿರುವ ನಿಯಮ, ಅದನ್ನು ಪಾಲಿಸಿದ್ದಕ್ಕೆ ಬೆನ್ನಿಗೆ ನಿಲ್ಲುವ ಮೇಲಧಿಕಾರಿ, ಈ ಮೂರೂ ಇದ್ದಾಗ ಮಾತ್ರ ಗೈಡ್ ನಿಜವಾದ ಗೈಡ್ ಆಗುತ್ತಾರೆ. ಕಾರ್ಮಿಕರ ಪ್ರಶ್ನೆ ಬಿಟ್ಟು ಪರಿಸರದ ಪ್ರಶ್ನೆ ಬಗೆಹರಿಯಲ್ಲ.

ಕಾನೂನು ಏನು ಹೇಳುತ್ತೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಹೋಗೋಕೆ ಎಲ್ಲರಿಗೂ ಹಕ್ಕಿಲ್ಲ. 28ನೇ ಸೆಕ್ಷನ್ ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದವಕ್ಕೆ ಪರವಾನಗಿ ಕೊಡಬಹುದು ಅನ್ನುತ್ತೆ. ಅಂದರೆ ನಮ್ಮ ಟಿಕೆಟ್ ಒಂದು ಅನುಮತಿ ಮಾತ್ರ. 'ದುಡ್ಡು ಕೊಟ್ಟಿದ್ದೀವಲ್ಲ' ಅನ್ನೋ ವಾದ ಅಲ್ಲಿ ನಡೆಯಬಾರದು.

ಇನ್ನೂ ಒಂದು ಲೆಕ್ಕ ಇದೆ. 2001–02ರ ಹೊತ್ತಿಗೆ ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳನ್ನು ಹೊರಗೆ ಸ್ಥಳಾಂತರಿಸಲಾಯಿತು. ದೇಶದಲ್ಲಿ ತಕ್ಕಮಟ್ಟಿಗೆ ಯಶಸ್ವಿಯಾದ ಪುನರ್ವಸತಿ ಅಂತ ಅದನ್ನು ಅಧ್ಯಯನಕಾರರು ಉದಾಹರಿಸುತ್ತಾರೆ. ಇರಲಿ. ಆದರೆ ಶರಾವತಿ ಮುಳುಗಡೆಯ ಕತೆ ಕೇಳುತ್ತಾ ಬೆಳೆದ ನಮ್ಮ ಜಿಲ್ಲೆಯವರಿಗೆ ಊರು ಬಿಡೋದು ಅಂದ್ರೆ ಏನು ಅಂತ ಗೊತ್ತು. ಕಾಡಿಗಾಗಿ ಅಷ್ಟು ಮನೆಗಳು ಜಾಗ ಖಾಲಿ ಮಾಡಿರುವಾಗ, ವಾರಾಂತ್ಯಕ್ಕೆ ಬಂದ ನಾವು ಕೆಲವು ಮೀಟರ್ ಹಿಂದೆ ನಿಲ್ಲೋಕೂ ತಯಾರಿಲ್ಲ ಅಂದ್ರೆ ಅದು ನ್ಯಾಯವಲ್ಲ.

ಹಾಗಾದ್ರೆ ಹೋಗಲೇಬಾರದಾ? ಹೋಗಿ. ನೋಡಿದವರಷ್ಟೇ ನಾಳೆ ಉಳಿಸೋಕೆ ದನಿ ಎತ್ತುತ್ತಾರೆ. ಆದರೆ ಬುಕ್ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ. ಗೂಡುಗಳಿಂದ ಎಷ್ಟು ದೂರದಲ್ಲಿ ಬೋಟು ನಿಲ್ಲಿಸುತ್ತೀರಿ? ಮೊಟ್ಟೆ ಇಡೋ ಕಾಲದಲ್ಲಿ ದಿನಕ್ಕೆ ಎಷ್ಟು ಬೋಟು ಬಿಡುತ್ತೀರಿ? ಬೋಟಿನವರು, ಗೈಡ್‌ಗಳು ಸ್ಥಳೀಯರಾ, ಅವರಿಗೆ ಖಾಯಂ ಸಂಬಳ ಇದೆಯಾ? ಉತ್ತರ ಬರೀ ಬಟ್ಟೆ ಚೀಲ, ಬಿದಿರಿನ ಸ್ಟ್ರಾ ಬಗ್ಗೆ ಇದ್ದರೆ ಅದು ಪ್ಯಾಕೇಜಿನ ಅಲಂಕಾರ.

ಇಷ್ಟಕ್ಕೂ ಹತ್ತಿರ ಹೋಗದೆ ನೋಡೋದು ಅಸಾಧ್ಯವೇನಲ್ಲ. ಗುಡವಿಯಲ್ಲಿ ದಡದ ಮೇಲೆ ನಿಂತು, ಕೆರೆಗೆ ಇಳಿಯದೇ ನಮ್ಮ ಊರಿನ ಮಕ್ಕಳು ಹಕ್ಕಿ ಗುರುತಿಸೋದು ಕಲಿಯುತ್ತಾರೆ. ಒಂದು ಬೈನಾಕ್ಯುಲರ್, ಅರ್ಧ ಗಂಟೆಯ ಮೌನ ಸಾಕಾಗುತ್ತೆ. ಮುಂದಿನ ಸಲ ಬೋಟಿನಲ್ಲಿ ಯಾರಾದ್ರೂ 'ಇನ್ನೂ ಸ್ವಲ್ಪ ಹತ್ತಿರ' ಅಂದಾಗ, 'ಇಲ್ಲಿಂದಲೇ ಚೆನ್ನಾಗಿ ಕಾಣ್ತಿದೆ ಅಣ್ಣಾ' ಅಂತ ಒಬ್ಬರು ಹೇಳಿದರೂ ಸಾಕು, ಬೋಟಿನವರಿಗೆ ಧೈರ್ಯ ಬರುತ್ತೆ. ಆ ಒಬ್ಬರು ನಾನಾಗಬೇಕಿತ್ತು. ಆಗಲಿಲ್ಲ. ನೀವಾಗಿ.